ಗಂಟಲ ಗಂಟೂ ಬೆನೆಡಿಕ್ಟಿನ್ ಮಠವೂ

13 ಅಕ್ಟೋಬರ್ 2024, ಆದಿತ್ಯವಾರ

ಗಂಟು ಕಟ್ಟಲು ಗಲ್ಫಿಗೆ ಬಂದವನ ಗಂಟಲಲ್ಲೇ ಗಂಟು ಕಟ್ಟಿದೆ.

ಈ ಮಾತನ್ನು ಯಾರಿಗಾದರೂ ಹೇಳಿ ನಗಿಸಬೇಕೆಂದು ಆಸ್ಪತ್ರೆಯಿಂದ ಬಂದಾಗಿನಿಂದ ಚಡಪಡಿಸುತ್ತಿದ್ದೇನೆ. ಹೇಳುವ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದುಗ ನಾನೊಬ್ಬನೇ, ನಗುವವನೂ ನಾನೊಬ್ಬನೇ. ಇಷ್ಟು ಸಣ್ಣ ಸಭೆಯ ಮುಂದೆ ನಾನು ಇಷ್ಟರವರೆಗೆ ಕಾರ್ಯಕ್ರಮ ಕೊಟ್ಟದ್ದಿಲ್ಲ.

ಗುರುವಾರ ಆಪರೇಷನ್ ಆಯಿತು. ಬಾಯಿಯ ಮೂಲಕವೇ ಏನೋ ಸಲಕರಣೆ ಇಳಿಸಿ ಧ್ವನಿಪೆಟ್ಟಿಗೆಯ ಮೇಲೆ ಕೂತಿದ್ದ ಗಂಟನ್ನು ತೆಗೆದರು. ತೆಗೆದದ್ದು ಲ್ಯಾಬಿಗೆ ಹೋಗಿದೆ. ಅದು ಸಾಧು ಗಂಟೋ ಕೆಟ್ಟ ಗಂಟೋ ಎಂದು ಲ್ಯಾಬಿನವರು ಹೇಳಬೇಕು. ಅವರು ಹೇಳುವವರೆಗೆ ನಾನು ಏನೂ ಹೇಳಬಾರದು. "ಮೂರು ವಾರ. ಕಲಾಂ ಖಲಾಸ್," ಎಂದರು ಈಜಿಪ್ಟಿನ ಡಾಕ್ಟರು, ತುಟಿಗೆ ಬೆರಳಿಟ್ಟು. ಮಾತು ಮುಗಿಯಿತು ಎಂದು ಇಷ್ಟು ಚುಟುಕಾಗಿ ನನಗೆ ಯಾರೂ ಹೇಳಿರಲಿಲ್ಲ.

ಕುವೈತಿನ ನಮ್ಮೂರ ಜನರಿಗೆ ಫ್ರೆಡ್ರಿಕ್ ಎಂದರೆ ಮೈಕು, ಮೈಕೆಂದರೆ ಫ್ರೆಡ್ರಿಕ್. ಹಗಲು ಶುವೈಖಿನ ಗೋದಾಮಿನಿಂದ ಗ್ಯಾರೇಜುಗಳಿಗೆ ಕಾರಿನ ಬಿಡಿಭಾಗ ಕಳುಹಿಸುವ ಕೆಲಸ. ರಜೆ ಬಂದರೆ ಮದುವೆಯ ರಿಸೆಪ್ಶನ್ನು, ಬೆಳ್ಳಿಹಬ್ಬ, ಮೊಂತಿ ಫೆಸ್ತಿನ ತೆನೆಹಬ್ಬ ಎಂದು ಎಲ್ಲಿ ಸ್ಟೇಜೋ ಅಲ್ಲಿ ನಿರೂಪಕ. ಕೊಂಕಣಿಯಲ್ಲಿ ಪ್ರಾರ್ಥನೆ, ತುಳುವಿನಲ್ಲಿ ತಮಾಷೆ, ಇಂಗ್ಲಿಷಿನಲ್ಲಿ ಸಂಬಳ. ಬರೆಯುವುದು ಮಾತ್ರ ಕನ್ನಡದಲ್ಲಿ. ಮಂಗಳೂರಿನ ಕಾಲೇಜಿನಲ್ಲಿ ಇತಿಹಾಸ ಮತ್ತು ಕನ್ನಡ ಓದಿದ್ದರ ಫಲ. ಸೆಪ್ಟೆಂಬರಿನ ಮೊಂತಿ ಫೆಸ್ತಿನಲ್ಲಿ ಧ್ವನಿ ಒಡೆದು ಕಪ್ಪೆಯ ಹಾಗೆ ಕೂಗಿತು. ಜನ ಅದನ್ನೂ ಮಿಮಿಕ್ರಿ ಎಂದುಕೊಂಡು ಚಪ್ಪಾಳೆ ತಟ್ಟಿದರು. ನಾನೂ ಸೊಂಟ ಬಗ್ಗಿಸಿ ಸ್ವೀಕರಿಸಿದೆ.

ಧ್ವನಿಪೆಟ್ಟಿಗೆ. ಇದಕ್ಕೆ ಪೆಟ್ಟಿಗೆ ಎಂದು ಯಾರು ಹೆಸರಿಟ್ಟರೋ. ನಮ್ಮ ಕ್ರಿಸ್ತುವರಿಗೆ ಪೆಟ್ಟಿಗೆ ಎಂದೊಡನೆ ನೆನಪಾಗುವುದು ಮಣ್ಣಿಗಿಳಿಸುವ ಇನ್ನೊಂದೇ ಪೆಟ್ಟಿಗೆ.

14 ಅಕ್ಟೋಬರ್, ಸೋಮವಾರ

ಕ್ರಿಸ್ಟಿನಾ ಆಫೀಸಿನಿಂದ ಬರುವಾಗ ಸಣ್ಣದೊಂದು ವೈಟ್‌ಬೋರ್ಡು ತಂದಳು. "ತಗೋ, ಇನ್ನು ಎಂತ ಬೇಕಾದರೂ ಬರೆ. ಚಾಯ ಬೇಕಾದರೆ ಚಾಯ ಅಂತ ಬರೆ. ಅದಕ್ಕೊಂದು ಪೀಠಿಕೆ ಬೇಡ," ಎಂದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿ ಪೀಠಿಕೆ ಬೇಡ ಎನ್ನುವುದರಲ್ಲಿ ಅರ್ಥವಿದೆ.

ಆದರೆ ಬೋರ್ಡಿನಲ್ಲಿ ಬರೆದು ತೋರಿಸಿದ ಜೋಕು ತಣ್ಣಗಾದ ಬಂಗುಡೆ ಫ್ರೈ. ನಾನು ಬರೆದು ಮುಗಿಸುವಷ್ಟರಲ್ಲಿ ಮಾತು ಮುಂದಿನ ಸಿಗ್ನಲ್ ದಾಟಿರುತ್ತದೆ.

ಸಂಜೆ ಪುರಂದರ ಬಂದ. ನನ್ನ ಗೋದಾಮಿನಲ್ಲೇ ಕೆಲಸ, ಕಾರ್ಕಳದ ಕಡೆಯವ, ನನಗಿಂತ ಚಿಕ್ಕವ. "ಎಂಚ ಉಲ್ಲರ್ ಫ್ರೆಡ್ಡಿಯಣ್ಣಾ?" ಎಂದು ಹೇಗಿದ್ದೀರೆಂದು ಕೇಳಿ ಉತ್ತರಕ್ಕೆ ಕಾದ. ಆಮೇಲೆ ನಾಲಿಗೆ ಕಚ್ಚಿಕೊಂಡ. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ ಅಣ್ಣ, ಮೂರು ವಾರದ ಮೌನ ಕಟ್ಟಿಕೊಂಡು ಊರಿಗೆ ಹೊರಟರೆ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವರು ಹಿಡೀತಾರೆ!"

ಒಳ್ಳೆಯ ಜೋಕು. ನನಗೆ ಹೊಳೆಯಬೇಕಾಗಿತ್ತು. ಜೋರಾಗಿ ನಗಲೂಬಾರದಂತೆ. ಭುಜ ಕುಣಿಸಿದೆ.

ಅವನು ಹೋದ ಮೇಲೆ ಮೊಬೈಲಿನಲ್ಲಿ ನನ್ನ ಕಾಯಿಲೆಯ ಹೆಸರು ಹಾಕಿ ಹುಡುಕಿದೆ. ಹುಡುಕಬಾರದಿತ್ತು. ಚಿತ್ರಗಳೂ ಇದ್ದವು.

17 ಅಕ್ಟೋಬರ್, ಗುರುವಾರ

ಮಗಳು ಶರ್ಲಿನ್ ಬಗ್ಗೆ ಬರೆಯಬೇಕು. ಹನ್ನೊಂದನೇ ತರಗತಿ. ಒಬ್ಬಳೇ ಮಗಳು. ಬುದ್ಧಿ ಅಮ್ಮನದು, ಮೂಗು ನನ್ನದು, ಮಾತು ಮಾತ್ರ ಇಬ್ಬರದ್ದೂ ಅಲ್ಲ. ಚಿಕ್ಕಂದಿನಿಂದಲೂ ಮಾತು ತಡೆಯುತ್ತದೆ. ಮೊದಲ ಅಕ್ಷರ ತುಟಿಗೆ ಬಂದು ಅಲ್ಲೇ ನಿಲ್ಲುತ್ತದೆ, ಕಣ್ಣು ಮುಚ್ಚಿಹೋಗುತ್ತದೆ, ಕುತ್ತಿಗೆಯ ನರ ಎದ್ದು ಕಾಣುತ್ತದೆ. ನೋಡಲಾಗುವುದಿಲ್ಲ. ಅವಳಿಗೆ ಬೇಕಾದ ಪದ ನನಗೆ ಗೊತ್ತಿರುತ್ತದೆ, ತಕ್ಷಣ ಕೊಟ್ಟುಬಿಡುತ್ತೇನೆ. ಗ್ಯಾರೇಜಿನವರಿಗೆ ಬಿಡಿಭಾಗ, ಮಗಳಿಗೆ ಬಿಡಿಪದ: ಎರಡೂ ಕಡೆ ಸಪ್ಲೈ ನನ್ನದೇ. ಮಾತು ಮುಗಿಯುತ್ತದೆ, ಅವಳು ಎದ್ದು ರೂಮಿಗೆ ಹೋಗುತ್ತಾಳೆ. ಕಷ್ಟ ತಪ್ಪಿತಲ್ಲ ಎಂದು ನನಗೆ ಸಮಾಧಾನ. ಶಾಲೆಯಲ್ಲಿ ಎದ್ದು ನಿಂತು ಮಾತನಾಡುವ ಪರೀಕ್ಷೆ ಬಂದಾಗಲೆಲ್ಲ ಟೀಚರಿಗೆ ಫೋನು ಮಾಡಿ, ನಾಲ್ಕು ನಗೆಮಾತಾಡಿ, "ಇವಳು ಬರೆದು ಕೊಡಲಿ ಮೇಡಂ," ಎಂದು ಒಪ್ಪಿಸುವವನೂ ನಾನೇ.

ಈ ಸಲ ಇತಿಹಾಸದ ಪ್ರಾಜೆಕ್ಟು. ಈಗ ಇಲ್ಲದ ಒಂದು ಸ್ಥಳವನ್ನು ಪ್ರತಿಯೊಬ್ಬರೂ ಆರಿಸಿ ಅದರ ಚರಿತ್ರೆ ಬರೆಯಬೇಕು. ನವೆಂಬರಿನಲ್ಲಿ ಕ್ಲಾಸಿನ ಮುಂದೆ ನಿಂತು ಹೇಳಬೇಕು. ಶರ್ಲಿನ್ ಆರಿಸಿದ್ದು ಒಂದು ಬೆನೆಡಿಕ್ಟಿನ್ ಮಠ. ಸುಮಾರು ಸಾವಿರ ವರ್ಷದ ಹಿಂದೆ ಜರ್ಮನಿಯ ಒಂದು ಜೌಗು ಬಯಲಿಗೆ ಕರಿ ನಿಲುವಂಗಿಯ ಸನ್ಯಾಸಿಗಳು ಬಂದು, ನೀರು ಬಸಿದು, ಹೊಲ ಮಾಡಿ, ಮೀನಿನ ಕೆರೆ ತೋಡಿ ಕಲ್ಲಿನ ಮಠ ಕಟ್ಟಿದರಂತೆ. ಐನೂರು ವರ್ಷ ಬಾಳಿದ ಮಠ. ಈಗ ಅಲ್ಲಿ ಒಂದು ಗೋಡೆಯೂ ಇಲ್ಲ, ದನ ಮೇಯುತ್ತಿವೆ. ಮಠದ ಹೆಸರನ್ನು ಧ್ವನಿ ಇದ್ದಾಗಲೂ ನನ್ನಿಂದ ಉಚ್ಚರಿಸಲು ಆಗುತ್ತಿರಲಿಲ್ಲ.

ಬೋರ್ಡಿನಲ್ಲಿ ಬರೆದೆ: "ಬೇರೆ ವಿಷಯ ಸಿಗಲಿಲ್ಲವಾ?"

"ಅವರು ಮಾತಾಡ್ತಾ ಇರಲಿಲ್ಲ ಡ್ಯಾಡಿ," ಎಂದಳು ಇಂಗ್ಲಿಷಿನಲ್ಲಿ. "ಊಟದ ಹೊತ್ತಿಗೆ ಎಲ್ಲರೂ ಸೈಲೆಂಟ್. ನನಗೆ ಇಷ್ಟ ಆಯ್ತು."

ಲ್ಯಾಬಿನಿಂದ ಸುದ್ದಿ ಇಲ್ಲ.

19 ಅಕ್ಟೋಬರ್, ಶನಿವಾರ

ಮಠದ ಪುಸ್ತಕಗಳನ್ನು ನಾನೂ ಓದುತ್ತಿದ್ದೇನೆ. ಬೇರೇನು ಮಾಡಲಿ? ಸುಮ್ಮನೆ ಕೂತರೆ ಕೈ ತಾನಾಗಿ ಕುತ್ತಿಗೆಯ ಕಡೆ ಹೋಗಿ ಗಂಟು ಹುಡುಕುತ್ತದೆ.

ಈ ಸನ್ಯಾಸಿಗಳಿಗೆ ನಗೆಚಾಟಿಕೆ ನಿಷಿದ್ಧ. ಜನರನ್ನು ನಗಿಸುವವನಿಗೆ ಮಠದಲ್ಲಿ ಜಾಗವೇ ಇಲ್ಲ. ನಾನು ಹೊಸಿಲಲ್ಲೇ ಫೇಲು. ಊಟದ ಹೊತ್ತಿಗೆ ಮಾತೇ ಕೂಡದು. ಬೇಕಾದ್ದನ್ನು ಕೈಸನ್ನೆಯಲ್ಲಿ ಕೇಳಬೇಕು. ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಚಕ್ರ ಮಾಡಿದರೆ ರೊಟ್ಟಿ. ಅಂಗೈ ಅಡ್ಡ ಹಿಡಿದು ಬಾಲದ ಹಾಗೆ ಅಲ್ಲಾಡಿಸಿದರೆ ಮೀನು. ಕಿರುಬೆರಳು ತುಟಿಗಿಟ್ಟರೆ ಹಾಲು.

ಮಧ್ಯಾಹ್ನ ಚಕ್ರ ಮಾಡಿ ತೋರಿಸಿದೆ, ಶರ್ಲಿನ್ ಖುಬ್ಬೂಸ್ ಕೊಟ್ಟಳು. ಇಲ್ಲಿಯ ದುಂಡನೆಯ ಖುಬ್ಬೂಸ್ ರೊಟ್ಟಿಗೆಂದೇ ಮಾಡಿದ ಸನ್ನೆ! ಬಾಲ ಅಲ್ಲಾಡಿಸಿದೆ. "ಯಾವ ಮೀನು?" ಎಂದಳು ಕ್ರಿಸ್ಟಿನಾ. "ಬಂಗುಡೆಯೂ ಉಂಟು, ಪಾಂಪ್ಲೆಟೂ ಉಂಟು. ನಿನ್ನ ಸನ್ಯಾಸಿಗಳು ಎರಡಕ್ಕೂ ಒಂದೇ ಸನ್ನೆ ಮಾಡಿದರೆ ಮಂಗಳೂರಿನವರು ಆ ಮಠ ಸೇರುವುದು ಕಷ್ಟ."

ಶರ್ಲಿನ್ ಜೋರಾಗಿ ನಕ್ಕಳು. ಆಮೇಲೆ ಹೇಳಿದಳು: ಊಟದ ಹೊತ್ತಿಗೆ ಎಲ್ಲರೂ ಸುಮ್ಮನಿದ್ದರೂ ಒಬ್ಬ ಮಾತ್ರ ಎತ್ತರದ ಪೀಠದಿಂದ ಗಟ್ಟಿಯಾಗಿ ಓದುತ್ತಿದ್ದನಂತೆ. ಉಳಿದವರು ತಿನ್ನುತ್ತಾ ಕೇಳಬೇಕು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ.

ಇದಿಷ್ಟು ಹೇಳುವಾಗ ಎಷ್ಟೋ ಕಡೆ ನಿಂತಳು. ನನ್ನ ತುಟಿ ತಾನಾಗಿ ಆ ಪದಗಳನ್ನು ಆಡುತ್ತಿತ್ತು. ಶಬ್ದ ಮಾತ್ರ ಹೊರಡಲಿಲ್ಲ. ಬೋರ್ಡು ಅಡುಗೆಮನೆಯಲ್ಲಿತ್ತು.

21 ಅಕ್ಟೋಬರ್, ಸೋಮವಾರ

ಆಫೀಸು ಶುರು. ಇದು ಭಾಯಿಗಳ ದೇಶ. ಪಾಕಿಸ್ತಾನಿ ಮೆಕ್ಯಾನಿಕ್ ಭಾಯಿ, ಬಂಗಾಳಿ ಡ್ರೈವರ್ ಭಾಯಿ, ಫೋನೆತ್ತಿದರೆ ಫ್ರೆಡ್ಡಿ ಭಾಯಿ. ಈಗ ಈ ಭಾಯಿಗೆ ಬಾಯಿಯೇ ಇಲ್ಲ. ನನ್ನ ಫೋನುಗಳನ್ನೆಲ್ಲ ಪುರಂದರ ಎತ್ತುತ್ತಿದ್ದಾನೆ. ನಾನು ಅವನ ಪಕ್ಕ ಕೂತು ಚೀಟಿ ಬರೆಯುತ್ತೇನೆ.

ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಒಬ್ಬನೇ ಕೂತಾಗ ಭಯ ಹಿಂದಿನ ಸೀಟಿನಿಂದ ಮುಂದಕ್ಕೆ ಬಂದು ಕೂರುತ್ತದೆ. ಲ್ಯಾಬಿನಲ್ಲಿ ಯಾರೋ ಒಬ್ಬ ಗಾಜಿನ ಚೂರಿನ ಮೇಲೆ ನನ್ನ ಮಾತನ್ನು ಇಟ್ಟುಕೊಂಡು ನೋಡುತ್ತಿರುತ್ತಾನಲ್ಲ. ಅವನಿಗೆ ಹಿಂದಿನ ದಿನ ಸರಿಯಾಗಿ ನಿದ್ದೆ ಬಂದಿತ್ತೋ ಇಲ್ಲವೋ. ಕನ್ನಡಕ ಒರೆಸಿಕೊಂಡಿದ್ದನೋ ಇಲ್ಲವೋ.

ಅದಕ್ಕೇ ಕಾರಿನಲ್ಲಿ ತೆರ್ಸ್ ಹೇಳುತ್ತೇನೆ. ಜಪಸರ ಕೈಯಲ್ಲಿ, ಪ್ರಾರ್ಥನೆ ಪಿಸುಮಾತಿನಲ್ಲಿ. ಮನಸ್ಸಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ತುಟಿ ಆಡದ ತೆರ್ಸ್ ಲೆಕ್ಕಕ್ಕೆ ಬರುವುದಿಲ್ಲ. ಪಿಸುಮಾತು ಮಾತಲ್ಲವಷ್ಟೆ. ಗಂಟಲಿಗೆ ಶ್ರಮವಿಲ್ಲ, ದೇವಮಾತೆಗೂ ಕೇಳುತ್ತದೆ.

24 ಅಕ್ಟೋಬರ್, ಗುರುವಾರ

ಡಾಕ್ಟರು ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರು. ಅವರ ಮುಖ ಕೆಂಪಾಯಿತು. ಗಾಯ ಮಾಯ್ದಿಲ್ಲ, ಊದಿಕೊಂಡಿದೆ.

"ನೀನು ಮಾತಾಡಿದ್ದೀ."

ಇಲ್ಲವೆಂದು ತಲೆಯಾಡಿಸಿದೆ. ಕ್ರಿಸ್ಟಿನಾ ಕೂಡ ಸಾಕ್ಷಿ ನುಡಿದಳು: "ನೋ ಡಾಕ್ಟರ್, ಒಂದು ಶಬ್ದ ಇಲ್ಲ."

"ಪಿಸುಗುಟ್ಟಿದ್ದೀ?"

ನಾನು ಕೈಯಲ್ಲಿ ಸ್ವಲ್ಪವೆಂದು ತೋರಿಸಿದೆ. ಡಾಕ್ಟರು ಮೇಜು ಗುದ್ದಿದರು. ಪಿಸುಮಾತು ಮಾತಿಗಿಂತ ಕೆಟ್ಟದ್ದಂತೆ! ಗಾಯದ ಮೇಲೆ ಗಾಯ ಉಜ್ಜಿದ ಹಾಗಂತೆ. "ಯಾರ ಹತ್ತಿರ ಪಿಸುಗುಟ್ಟಿದ್ದು?"

ಬೋರ್ಡಿನಲ್ಲಿ ಬರೆದೆ: "ಮರಿಯಮ್. ದಿನಾ, ಕಾರಿನಲ್ಲಿ."

ಡಾಕ್ಟರು ಕ್ರಿಸ್ಟಿನಾಳ ಮುಖ ನೋಡಿದರು. ಕ್ರಿಸ್ಟಿನಾ ನನ್ನ ಮುಖ ನೋಡಿದಳು. ಅವಸರವಸರವಾಗಿ ಜೇಬಿನಿಂದ ಜಪಸರ ತೆಗೆದು ತೋರಿಸಿದೆ. ಡಾಕ್ಟರು ಕುರ್ಚಿಗೆ ಒರಗಿ ನಕ್ಕರು, ಕ್ರಿಸ್ಟಿನಾ ನಗಲಿಲ್ಲ. ಲಿಫ್ಟಿನಲ್ಲಿ ಹೇಳಿದಳು: "ಫ್ರೆಡ್ಡಿ, ದೇವರ ಹತ್ತಿರ ಕೂಡ ನಿನಗೆ ಸುಮ್ಮನೆ ಇರಲು ಆಗುವುದಿಲ್ಲವಾ?"

ಮೌನ ನವೆಂಬರಿನ ನಡುವಿನವರೆಗೆ ಮುಂದುವರಿಯಿತು.

ಇದಿಷ್ಟಾದರೆ ನಗೆಯ ಸುದ್ದಿ. ಆದರೆ ಲ್ಯಾಬಿನವರು ರಿಪೋರ್ಟು ಕೊಟ್ಟಿಲ್ಲ. ಒಂದು ಕಡೆ ಜೀವಕೋಶಗಳು "ಸ್ವಲ್ಪ ಬೇರೆ ಥರ" ಕಂಡವಂತೆ. ಇನ್ನೂ ದೊಡ್ಡ ಲ್ಯಾಬಿಗೆ ಕಳುಹಿಸಿದ್ದಾರಂತೆ. "ಎಂತ ಬೇರೆ?" ಎಂದು ಕ್ರಿಸ್ಟಿನಾ ಎರಡು ಸಲ ಕೇಳಿದಳು. ಡಾಕ್ಟರು ಇನ್ಶಾಲ್ಲಾ ಎಂದರು. ಒಳ್ಳೆಯ ಶಬ್ದವೇ. ಇವತ್ತು ಕೇಳಿಸಿಕೊಳ್ಳಲು ಕಷ್ಟವಾಯಿತು.

25 ಅಕ್ಟೋಬರ್, ಶುಕ್ರವಾರ

ಇಗರ್ಜಿಯಲ್ಲಿ ಪೂಜೆಯ ನಂತರ ಆಲ್ರೊಯ್ ಸಿಕ್ಕಿದ. ನಮ್ಮ ಸಂಘದ ಕಾರ್ಯದರ್ಶಿ, ಅಣ್ಣ ಎನ್ನುವ ಬದಲು ಕೊಂಕಣಿಯ ರೂಢಿಯಂತೆ ಅಬ್ ಎನ್ನುವವ. ಡಿಸೆಂಬರಿನ ಕಾರ್ಯಕ್ರಮಕ್ಕೆ ನಿರೂಪಕ ಯಾರು ಎಂದು ಅವನ ಚಿಂತೆ. "ನಿಮ್ಮ ಹೆಸರು ಹಾಕಿ ಬಿಡ್ತೇನೆ ಫ್ರೆಡ್ಡಿಯಬ್, ಅಷ್ಟರಲ್ಲಿ ಸರಿಯಾಗ್ತೀರಿ," ಎಂದ. ಸುತ್ತ ನಿಂತವರು ಒಬ್ಬೊಬ್ಬರೂ ಒಂದೊಂದು ಗಂಟಲಿನ ಕಥೆ ಹೇಳಿದರು. ಎಲ್ಲ ಕಥೆಗಳೂ ಚೆನ್ನಾಗಿ ಶುರುವಾಗಿ ಪೆಟ್ಟಿಗೆಯ ಮೇಲಿನ ಹೂಗುಚ್ಛದಲ್ಲಿ ಮುಗಿದವು.

ಮನೆಗೆ ಬಂದು ಮಲಗಿಬಿಟ್ಟೆ.

27 ಅಕ್ಟೋಬರ್, ಆದಿತ್ಯವಾರ

ರಿಪೋರ್ಟು ಇಲ್ಲ.

ಊಟದ ಹೊತ್ತಿಗೆ ಶರ್ಲಿನ್ ಪೀಠ ಏರಿದಳು. ಅಂದರೆ ಅಡುಗೆಮನೆಯ ಸ್ಟೂಲು. "ನೀವು ತಿನ್ನಿ. ನಾನು ಓದ್ತೇನೆ. ಮಠದ ರೂಲ್ಸ್," ಎಂದಳು. ಬರೆದದ್ದರ ಮೊದಲ ಭಾಗ ಓದಿದಳು. ಮೀನಿನ ಕೆರೆ, ಗದ್ದೆ, ಊರಿನವರ ಜೊತೆಗಿನ ಜಗಳ. ಮೊನಾಸ್ಟರಿ ಎಂಬ ಪದ ಬಂದಲ್ಲೆಲ್ಲ ನಿಂತಳು, ಬೆನೆಡಿಕ್ಟ್ ಬಂದಲ್ಲಿಯೂ. ಮಠದ ಬಗ್ಗೆ ಬರೆದದ್ದರಲ್ಲಿ ಇವೆರಡು ಪದ ಎಷ್ಟು ಸಲ ಬರುತ್ತವೆ ಎಂದು ಹೇಳಬೇಕಾಗಿಲ್ಲ. ಅನ್ನ ಒಣಗಿತು. ನಾನು ತಟ್ಟೆ ನೋಡುತ್ತಾ ಕೂತೆ. ಅವಳ ಮುಖ ನೋಡಿದರೆ ನನ್ನ ತುಟಿ ಪಿಸುಗುಟ್ಟಲು ಹೊರಡುತ್ತದೆ, ಅದೂ ಡಾಕ್ಟರು ಬೇಡವೆಂದದ್ದೇ.

ಇವಳು ಕ್ಲಾಸಿನ ಮುಂದೆ ನಿಂತರೆ ಏನಾದೀತು? ಫೋನು ಮಾಡಲು ನನಗೆ ಸ್ವರವಿಲ್ಲ. ಕ್ರಿಸ್ಟಿನಾಳಿಗೆ ಬೋರ್ಡು ತೋರಿಸಿದೆ: "ಟೀಚರಿಗೆ ನೀನು ಫೋನ್ ಮಾಡು."

"ನಾನು ಮಾಡುವುದಿಲ್ಲ," ಎಂದಳು. "ಅವಳು ಹೇಳಿದರೆ ಮಾಡ್ತೇನೆ. ಅವಳು ಹೇಳಿದ್ದಾಳಾ?"

ಹೇಳಲು ಅವಳಿಗೆ ಮಾತು ಬಂದರೆ ತಾನೆ!

29 ಅಕ್ಟೋಬರ್, ಮಂಗಳವಾರ

ಟೀಚರಿಗೆ ಇಮೇಲ್ ಬರೆದೆ. ಆಯಿಶತ್ ಶಮೀಮಾ ಎಂದು ಹೆಸರು, ಉಪ್ಪಿನಂಗಡಿಯವರು, ಇತಿಹಾಸ ಕಲಿಸುತ್ತಾರೆ. ನನ್ನ ಕಾಯಿಲೆಯ ಕಾರಣ ಫೋನು ಮಾಡಲಾಗದೆ ಬರೆಯುತ್ತಿದ್ದೇನೆ. ಹಿಂದಿನ ವರ್ಷಗಳ ಹಾಗೆ ಶರ್ಲಿನ್‌ಗೆ ಬರೆದು ಕೊಡಲು ಅವಕಾಶ ಕೊಡಬೇಕು, ಇತ್ಯಾದಿ. ಒಂದೂ ಜೋಕು ಹಾಕಲಿಲ್ಲ. ಹೊಳೆಯಲೂ ಇಲ್ಲ.

31 ಅಕ್ಟೋಬರ್, ಗುರುವಾರ

ಟೀಚರ ಉತ್ತರ ಬಂತು. ನಾನು ಕನ್ನಡದಲ್ಲಿ ಬರೆಯುವವನೆಂದು ಕೇಳಿ ಬಲ್ಲರಂತೆ, ಕನ್ನಡದಲ್ಲೇ ಉತ್ತರಿಸಿದ್ದಾರೆ: "ಸರ್, ಶರ್ಲಿನ್ ಕಳೆದ ವಾರ ತಾನೇ ಸ್ಟಾಫ್ ರೂಮಿಗೆ ಬಂದು ಮಾತನಾಡುತ್ತೇನೆಂದು ಹೆಸರು ಕೊಟ್ಟಿದ್ದಾಳೆ. ಅದನ್ನು ಹೇಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ನನಗೇನೂ ಅವಸರವಿರಲಿಲ್ಲ. ನೀವು ಬೇಗ ಗುಣವಾಗಿ."

ಅವಸರವಿಲ್ಲವಂತೆ! ಕ್ಲಾಸಿನಲ್ಲಿ ಮೂವತ್ತು ಮಕ್ಕಳಿಟ್ಟುಕೊಂಡು ಅವಸರವಿಲ್ಲ ಎನ್ನುವ ಟೀಚರು ಇವರೊಬ್ಬರೇ ಇರಬೇಕು.

ಶರ್ಲಿನ್ ನನ್ನ ಇಮೇಲಿನ ಬಗ್ಗೆ ಕೇಳಿ ತಿಳಿದಿದ್ದಾಳೆ. ನನ್ನ ರೂಮಿನ ಬಾಗಿಲಲ್ಲಿ ನಿಂತಳು. "ನೀವು ಯಾಕೆ ಬರೆದದ್ದು?" ಎಂದಳು. ಬೋರ್ಡಿಗೆ ಕೈ ಹಾಕಿದೆ. "ಬೇಡ, ಬರೀಬೇಡಿ. ನಾನು ಹೇಳ್ತೇನೆ," ಎಂದಳು. ಆಮೇಲೆ ಮಾತು ಹತ್ತಿಕೊಂಡಿತು. ಮುಚ್ಚಿದ ಕಣ್ಣು, ನರ. ನಾನು ಬೋರ್ಡು ಹಿಡಿದು ಕೂತೆ. ಬಹಳ ಹೊತ್ತಿನ ಮೇಲೆ ಹೊರಬಿದ್ದದ್ದು ಇಷ್ಟು: "ಮೊನ್ನೆ ನೀವು ಹಾಗೇ ಕೂತಿದ್ರಲ್ಲ, ನನಗೆ ಓದಿ ಮುಗಿಸ್ಲಿಕ್ಕೆ ಆಯ್ತು."

ಓದಿ ಮುಗಿಸುವುದು ದೊಡ್ಡ ಸಂಗತಿಯೇ. ಶಭಾಸ್ ಎಂದು ಬರೆದು ತೋರಿಸಿದೆ. ಅಷ್ಟರಲ್ಲಿ ಫೋನು ಕಂಪಿಸಿತು, ಆಸ್ಪತ್ರೆಯ ನಂಬರು. ಕ್ರಿಸ್ಟಿನಾ ಓಡಿಬಂದು ಎತ್ತಿದಳು. ಹಲ್ಲು ತೊಳೆಸಿಕೊಳ್ಳಲು ರಿಯಾಯಿತಿ ಇದೆಯಂತೆ.

3 ನವೆಂಬರ್, ಆದಿತ್ಯವಾರ

ಇಲ್ಲ.

4 ನವೆಂಬರ್, ಸೋಮವಾರ

ಇಲ್ಲ. ಪುರಂದರ ಲ್ಯಾಬಿಗೆ ಫೋನು ಮಾಡಿ ನನ್ನ ಪರವಾಗಿ ಜಗಳವಾಡಿದ. ಅವನ ಅರಬ್ಬಿ ಅಷ್ಟರಲ್ಲೇ. ಯಲ್ಲಾ ಯಲ್ಲಾ, ಬೇಗ ಬೇಗ, ಎಂದದ್ದಷ್ಟೇ ನನಗೆ ಅರ್ಥವಾದದ್ದು, ಅವರಿಗೂ ಅಷ್ಟೇ ಇರಬೇಕು.

6 ನವೆಂಬರ್, ಬುಧವಾರ

ಊಟಕ್ಕೆ ಶರ್ಲಿನ್ ಕೊನೆಯ ಭಾಗ ಓದಿದಳು. ಮಠಕ್ಕೆ ಬೆಂಕಿ ಬಿದ್ದಿಲ್ಲ, ಯಾರೂ ದಾಳಿ ಮಾಡಿಲ್ಲ. ಸುಮ್ಮನೆ ಜನ ಕಡಿಮೆಯಾದರು. ಸೇರುವವರಿಲ್ಲ, ಇದ್ದವರು ಸತ್ತರು. ಪ್ರಾರ್ಥನೆಯ ಹಾಡು ಅವರು ಎರಡು ಸಾಲಾಗಿ ಎದುರುಬದುರು ನಿಂತು ಹಾಡುತ್ತಿದ್ದರು. ಒಂದು ಚರಣ ಈ ಸಾಲು, ಮುಂದಿನ ಚರಣ ಆ ಸಾಲು. ಕೊನೆಗೆ ಸಾಲಿಗೊಬ್ಬರಂತೆ ಇಬ್ಬರೇ ಉಳಿದರು. ಅವರಲ್ಲೊಬ್ಬ ಸತ್ತ. ಉಳಿದವನು ತನ್ನ ಚರಣ ಹಾಡಿ, ಎದುರಿನ ಚರಣದಷ್ಟು ಹೊತ್ತು ಸುಮ್ಮನೆ ನಿಂತು, ಮತ್ತೆ ತನ್ನದನ್ನು ಹಾಡುತ್ತಿದ್ದನಂತೆ.

ಕಾಲೇಜಿನ ಅಭ್ಯಾಸ, ಬೋರ್ಡಿನಲ್ಲಿ ಕೇಳಿದೆ: "ಆಧಾರ?"

"ಆ ಊರಿನವರು ಹೇಳುವ ಕಥೆ. ನಿಜ ಅಂತ ನಾನು ಬರೆದಿಲ್ಲ. ಹೇಳ್ತಾರೆ ಅಂತ ಬರೆದಿದ್ದೇನೆ."

ಒಪ್ಪಬಹುದಾದ ಉತ್ತರ. ಅವನ ನಂತರ ಕಲ್ಲುಗಳನ್ನು ಊರಿನವರು ಹೊತ್ತೊಯ್ದರು. ಸೇತುವೆಗೆ, ಗಿರಣಿಗೆ, ಹಂದಿಗೂಡಿಗೆ.

ಕ್ರಿಸ್ಟಿನಾ ಕಣ್ಣೊರೆಸಿಕೊಂಡಳು. ಈರುಳ್ಳಿ ಹೆಚ್ಚಿದ ಕೈ ಎಂದಳು. ಈರುಳ್ಳಿ ಇವತ್ತಿನ ಅಡುಗೆಯಲ್ಲಿ ಇರಲಿಲ್ಲ. ಅವಳು ಯೋಚಿಸುತ್ತಿದ್ದದ್ದು ಆ ಒಂಟಿ ಸನ್ಯಾಸಿಯ ಬಗ್ಗೆ ಅಲ್ಲ ಎಂದು ನನಗೆ ಗೊತ್ತು. ನಾನೂ ಅವನ ಬಗ್ಗೆ ಯೋಚಿಸುತ್ತಿರಲಿಲ್ಲ.

8 ನವೆಂಬರ್, ಶುಕ್ರವಾರ

ಆಲ್ರೊಯ್ ಮನೆಗೆ ಬಂದಿದ್ದ. ನಾನು ಸ್ಟೇಜಿನಲ್ಲಿ ಹತ್ತು ವರ್ಷದಿಂದ ಹೇಳುವ ಮೀನು ಮಾರುವ ಹೆಂಗಸಿನ ಕಥೆಯನ್ನು ಕ್ರಿಸ್ಟಿನಾಳಿಗೆ ತನ್ನದೆನ್ನುವ ಹಾಗೆ ಹೇಳಿದ. ಕೊನೆಯ ಸಾಲು ಮೊದಲೇ ಬಿಟ್ಟುಕೊಟ್ಟು ಕೆಡಿಸಿದ. ತಿದ್ದಬೇಕೆನಿಸಲಿಲ್ಲ. ಕಥೆಗಿಂತ, ಹೇಳುವಾಗ ಅವನ ಹಣೆಯಲ್ಲಿ ಬೆವರು ಮೂಡಿದ್ದು ನೋಡುತ್ತಿದ್ದೆ. ಪಾಪ, ಡಿಸೆಂಬರಿಗೆ ಪ್ರಾಕ್ಟೀಸು ಮಾಡುತ್ತಿದ್ದಾನೆ, ನನ್ನನ್ನು ಕೇಳಲು ಧೈರ್ಯವಾಗಿಲ್ಲ.

ಬೋರ್ಡಿನಲ್ಲಿ ಬರೆದೆ: "ಡಿಸೆಂಬರ್ ನೀನೇ ಮಾಡು." ಅವನು ಎರಡು ಸಲ ಓದಿದ. "ಫ್ರೆಡ್ಡಿಯಬ್, ರಿಪೋರ್ಟು ಬಂತಾ?" ಎಂದ, ಸಣ್ಣ ಸ್ವರದಲ್ಲಿ. ಇಲ್ಲವೆಂದು ತಲೆಯಾಡಿಸಿದೆ. ನಂಬಲಿಲ್ಲ.

11 ನವೆಂಬರ್, ಸೋಮವಾರ

ರಿಪೋರ್ಟು.

ಡಾಕ್ಟರು ಕನ್ನಡಕ ಹಾಕಿಕೊಂಡರು. ಹಾಕಿಕೊಂಡ ಕನ್ನಡಕ ತೆಗೆದು ಒರೆಸಿದರು. ಕ್ರಿಸ್ಟಿನಾ ನನ್ನ ಮೊಣಕೈ ಹಿಡಿದಿದ್ದಳು. ಅವಳ ಉಗುರಿನ ಗುರುತು ಈಗಲೂ ಇದೆ.

ಕ್ಯಾನ್ಸರ್ ಅಲ್ಲ.

ಆದರೆ ಸಂಪೂರ್ಣ ಸಾಧುವೂ ಅಲ್ಲ. ಮುಂದೊಂದು ದಿನ ಕೆಡಬಹುದಾದ ಜಾತಿ. ಮೂರು ತಿಂಗಳಿಗೊಮ್ಮೆ ಕ್ಯಾಮೆರಾ ಇಳಿಸಿ ನೋಡುತ್ತಿರಬೇಕು. ಕೂಗುವುದು, ಸ್ಟೇಜು, ಮೈಕಿನ ಮೇಲೆ ಮೂರು ಗಂಟೆ, ಅದೆಲ್ಲ ಮರೆತುಬಿಡು ಎಂದರು. ಗಾಯ ಮಾಯ್ದಿದೆ. ಬುಧವಾರದಿಂದ ದಿನಕ್ಕೆ ಕೆಲವೇ ಮಾತು, ಸಾಧಾರಣ ಸ್ವರದಲ್ಲಿ. ಧ್ವನಿ ಮೊದಲಿನಂತೆ ಇರುವುದಿಲ್ಲ. ಹೇಗಿರುತ್ತದೆ ಎಂದು ಬರೆದು ಕೇಳಿದೆ. "ನೀನೇ ಕೇಳ್ತೀಯಲ್ಲ," ಎಂದರು.

ಕಾರಿನಲ್ಲಿ ಕ್ರಿಸ್ಟಿನಾ ಅತ್ತಳು. ಆಮೇಲೆ, ಸಿಗ್ನಲಿನಲ್ಲಿ ನಿಂತಾಗ, ಕಾರಣವಿಲ್ಲದೆ ಹಾರ್ನು ಬಾರಿಸಿದಳು. ಮುಂದಿನ ಕಾರಿನವ ಕಿಟಕಿಯಿಂದ ಕೈ ಹೊರಹಾಕಿ ಬೈದ. ಅವನಿಗೆ ಕೈಮುಗಿದಳು.

13 ನವೆಂಬರ್, ಬುಧವಾರ

ಇವತ್ತಿನಿಂದ ಮಾತಿಗೆ ಪರವಾನಗಿ.

ಗೋದಾಮಿನಲ್ಲಿ ಪುರಂದರ ಬಿಡಲಿಲ್ಲ. "ಒಂದು ಶಬ್ದ ಆಡಿ ಅಣ್ಣ, ಬೋಣಿ ಆಗಲಿ!" ನಾನು ಬೆರಳು ಅಲ್ಲಾಡಿಸಿದೆ. ಹೊಸ ಧ್ವನಿಯ ಮೊದಲ ಪ್ರದರ್ಶನ ಮನೆಯಲ್ಲೇ ಎಂದು ನಿಶ್ಚಯಿಸಿದ್ದೆ. ನಿಜ ಹೇಳಬೇಕೆಂದರೆ ಹೆದರಿಕೆಯೂ ಇತ್ತು. ಬಾಯಿ ತೆರೆದರೆ ಒಳಗಿನಿಂದ ಯಾರು ಮಾತಾಡುತ್ತಾರೋ.

ಶರ್ಲಿನ್‌ಳ ಪ್ರಾಜೆಕ್ಟೂ ಇವತ್ತೇ. ತಂದೆತಾಯಿ ಬರಬಹುದಿತ್ತಂತೆ. "ನೀವು ಬರಬೇಡಿ. ಬಂದರೆ ಡ್ಯಾಡಿಯ ತುಟಿ ನೋಡ್ತಾ ನಿಲ್ತೇನೆ," ಎಂದು ಬೆಳಿಗ್ಗೆಯೇ ಹೇಳಿ ಹೋಗಿದ್ದಳು. ಹಗಲಿಡೀ ಗಡಿಯಾರ ನೋಡಿದೆ. ರಿಪೋರ್ಟಿಗೆ ಕಾದಾಗಲೂ ಇಷ್ಟು ಸಲ ನೋಡಿರಲಿಲ್ಲ.

ಸಂಜೆ ಬಂದವಳು ಬ್ಯಾಗು ಎಸೆದು ಸೀದಾ ಊಟದ ಮೇಜಿಗೆ ಬಂದಳು. ಸ್ಟೂಲು ಹತ್ತಲಿಲ್ಲ, ನಮ್ಮ ಜೊತೆಗೇ ಕೂತಳು. ತಿನ್ನುತ್ತಾ ಹೇಳಿದಳು. ಮೊದಲ ಪದದಲ್ಲೇ ನಿಂತಳಂತೆ. ಹಿಂದಿನ ಬೆಂಚಿನ ಸೈಮನ್ ನಕ್ಕನಂತೆ. "ನಾನು ಅವನನ್ನೇ ನೋಡ್ತಾ ನಿಂತೆ. ಪದ ಬರುವಾಗ ಬರಲಿ ಅಂತ. ಅವನೇ ತಲೆ ಕೆಳಗೆ ಹಾಕಿದ." ಆಮೇಲೆ ಪದ ಬಂತಂತೆ. ಇನ್ನೂ ನಾಲ್ಕೈದು ಕಡೆ ನಿಂತಳಂತೆ. ಟೀಚರು ಕಿಟಕಿಯ ಹೊರಗೆ ನೋಡುತ್ತಿದ್ದರಂತೆ, ಬಸ್ಸಿಗೆ ಕಾದವರ ಹಾಗೆ.

ಶಮೀಮಾ ಟೀಚರು ಅವಳ ಮೇಲೆ ಏನೋ ಮಂತ್ರ ಮಾಡಿರಬೇಕು. ಇಷ್ಟುದ್ದ ಮಾತು ಈ ಹುಡುಗಿಯ ಬಾಯಿಂದ ನಾನು ಕೇಳಿದ್ದೇ ಇಲ್ಲ. ಅವರಿಗೊಂದು ಥ್ಯಾಂಕ್ಸ್ ಹೇಳಬೇಕು.

ಕೊನೆಗೆ ಒಬ್ಬಳು ಪ್ರಶ್ನೆ ಕೇಳಿದಳಂತೆ: ಒಂದು ಕಲ್ಲೂ ಉಳಿದಿಲ್ಲ ಎಂದಾದರೆ ಮಠ ಅಲ್ಲೇ ಇತ್ತೆಂದು ಹೇಗೆ ಗೊತ್ತು?

"ನಾನು ಹೇಳಿದೆ, ಮಳೆ ಬಾರದ ಬೇಸಿಗೆಯಲ್ಲಿ ಅಲ್ಲಿಯ ಹುಲ್ಲು ನೋಡಬೇಕು ಅಂತ. ಎಲ್ಲಾ ಕಡೆ ಹುಲ್ಲು ಹಸುರು. ಆದ್ರೆ ಗೋಡೆ ಇದ್ದ ಜಾಗದಲ್ಲಿ ಬೇರಿಗೆ ಮಣ್ಣು ಸಾಕಾಗುವುದಿಲ್ಲ, ಯಾಕಂದ್ರೆ ಅಡಿಪಾಯ ಇನ್ನೂ ಕೆಳಗೆ..."

ಅಲ್ಲಿ ನಿಂತಿತು. ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಹೂತುಹೋಗಿದೆ ಎನ್ನಲು ಅವಳಿಗೆ ಬೇಕಾಗಿದ್ದ ಪದ ಬರೀಡ್. ಕಣ್ಣು ಮುಚ್ಚಿತು. ಕ್ರಿಸ್ಟಿನಾ ನನ್ನ ಕಡೆ ನೋಡಿದಳು. ನಾನು ಬಂಗುಡೆಯ ಮುಳ್ಳು ಬಿಡಿಸುತ್ತಿದ್ದೆ, ಬಿಡಿಸಿ ಮುಗಿಸಿದೆ. ತಟ್ಟೆಯ ಅಂಚಿಗಿಟ್ಟೆ.

"...ಬರೀಡ್ ಇದೆ," ಎಂದಳು. "ಆ ಹುಲ್ಲು ಮಾತ್ರ ಮೊದಲು ಒಣಗ್ತದೆ. ಮೇಲಿಂದ ನೋಡಿದ್ರೆ ಇಡೀ ಮಠ ಹಳದಿ ಗೆರೆಯಲ್ಲಿ ಬರೆದ ಹಾಗೆ ಕಾಣ್ತದೆ ಡ್ಯಾಡಿ. ಇಲ್ಲಿ ಪ್ರಾರ್ಥನೆ, ಇಲ್ಲಿ ಅಡುಗೆ, ಇಲ್ಲಿ ಊಟದ ಹಾಲ್. ಎಲ್ಲಾ ಉಂಟು." ಖುಬ್ಬೂಸಿನ ತುಂಡಿನಿಂದ ಸಾರಿನಲ್ಲಿ ಗೆರೆ ಎಳೆದು ತೋರಿಸಿದಳು. ನೀರು ಕುಡಿದಳು. ಮುಗಿಯಿತು ಎನ್ನುವ ಹಾಗೆ ಗ್ಲಾಸು ಇಟ್ಟಳು.

"ಮಾಗಿರ್?"

ಆಮೇಲೆ ಎಂದು ಕೇಳುವ ನಮ್ಮ ಕೊಂಕಣಿ ಶಬ್ದ. ಯಾರು ಕೇಳಿದ್ದೆಂದು ತಿರುಗಿ ನೋಡಿದೆ. ಒರಟು ಸ್ವರ, ಮರಳಿನ ಮೇಲೆ ಚಪ್ಪಲಿ ಎಳೆದ ಹಾಗೆ. ಕ್ರಿಸ್ಟಿನಾಳ ಕೈಯಿಂದ ಸೌಟು ಜಾರಿತು. ಕೇಳಿದ್ದು ನಾನೇ.

ಇಷ್ಟು ದಿನ ಕೂಡಿಟ್ಟದ್ದೆಲ್ಲ ಹೋಗಿ ಒಂದು ಶಬ್ದಕ್ಕೆ ಖರ್ಚಾಯಿತು! ಇನ್ನೇನಾದರೂ ಸೇರಿಸೋಣವೆಂದು ಬಾಯಿ ತೆರೆದೆ. ಶರ್ಲಿನ್ ಅಷ್ಟರಲ್ಲಿ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಿದ್ದಳು. ಇಂಗ್ಲಿಷು ಬಿಟ್ಟು ಕೊಂಕಣಿಯಲ್ಲಿ, ತಡೆತಡೆದು, ಟೀಚರು ಆಮೇಲೆ ಏನು ಕೇಳಿದರೆಂದು ಹೇಳಲು ತೊಡಗಿದಳು.

ಬಾಯಿ ಮುಚ್ಚಿದೆ. ಉದ್ದದ ಕಥೆ. ಇನ್ನೂ ಮುಗಿದಿಲ್ಲ, ಮುಖ ತೊಳೆದು ಬರುತ್ತೇನೆ ಎಂದು ಎದ್ದಿದ್ದಾಳೆ. ಅಷ್ಟರಲ್ಲಿ ಇಷ್ಟು ಬರೆದೆ. ಬಂದಳು.